ಬಿಚ್ಚಿದ ಒಂದು ಮೊಳ

ಭೂಮಿಯ ಮೇಲೆ ಯಾರ ಮೈಮೇಲೂ ಇನ್ನೂ ಬಟ್ಟೆಯೆಂಬುದು ಬಿದ್ದಿರದ ಕಾಲಕ್ಕೆ ಒಬ್ಬನೇ ಒಬ್ಬ ನೇಕಾರನಿದ್ದನಂತೆ. ಅವನ ಹತ್ತಿರ ಮಗ್ಗವಿತ್ತು, ನೂಲಿರಲಿಲ್ಲ. ನೂಲು ಹಾಲಿನ ಸಮುದ್ರದಲ್ಲಿ ಮಲಗಿದ್ದ ದೇವರ ಹೊಕ್ಕುಳಲ್ಲಿತ್ತು. ಹೋಗಿ ಬೇಡಿ ತಂದನಂತೆ. ತರುವಾಗ ಚಂದ್ರನಿಲ್ಲದ ದಿನ, ರಕ್ಕಸರು ಅಡ್ಡಗಟ್ಟಿದರು, ಅವನು ಅವ್ವಾ ಎಂದ, ಚೌಡಮ್ಮ ಬಂದಳು. ಸೀಳಿದ ರಕ್ಕಸರಲ್ಲಿ ಒಬ್ಬನ ನೆತ್ತರು ಕೆಂಪು, ಒಬ್ಬನದು ಹಸಿರು, ಒಬ್ಬನದು ಹಳದಿ. ಅದರಲ್ಲೇ ನೂಲನ್ನು ಅದ್ದಿ ಕೈಗಿಟ್ಟು, ಈ ದಿನ ನನ್ನದು, ಈ ದಿನ ನಿನ್ನ ಕುಲದವರು ಲಾಳಿ ಮುಟ್ಟಕೂಡದು ಅಂದಳಂತೆ. ಯಳಂದೂರಿನ ಅಜ್ಜಿ ಇಷ್ಟು ಹೇಳಿ ಎಲೆಗೆ ಸುಣ್ಣ ಸವರುವ ಹೊತ್ತಿಗೆ ಮೊಮ್ಮಗಳು ಪ್ರತಿ ಸಲವೂ ಕೇಳುತ್ತಿದ್ದಳು, "ಸಮುದ್ರದ್ ಮಧ್ಯದಾಗೆ ಇವತ್ತು ಅಮಾಸೆ ಅಂತ ಅವ್ನಿಗೆ ಯಾರಜ್ಜಿ ಏಳಿದ್ದು?" ಅಜ್ಜಿ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದಳು, "ಕತೆಗೆ ಅಡ್ಡ ಬಾಯಾಕ್ಬ್ಯಾಡ ಕನವ್ವ."

ಆ ಮೊಮ್ಮಗಳು, ಈಗ ಇಪ್ಪತ್ಮೂರು ವರ್ಷದ ಚಿಕ್ಕತಾಯಮ್ಮ, ಹಡಗಿನ ಅಡುಗೆಕೋಣೆಯ ಮುಂದೆ ಬಿಸಿನೀರಿಗೆ ಚೊಂಬು ಹಿಡಿದು ನಿಂತಿದ್ದಳು. ಹಡಗು ಹತ್ತಿ ಇದು ಹದಿನೆಂಟನೆಯ ಬೆಳಗು. ಮುಂದೆ ನಿಂತವರ ಬೆನ್ನುಗಳು ಒಟ್ಟಿಗೆ ಎಡಕ್ಕೆ ವಾಲಿದವು, ಒಟ್ಟಿಗೆ ಬಲಕ್ಕೆ ವಾಲಿದವು, ಅವಳೂ ವಾಲಿದಳು. ಮೊದಲ ವಾರ ಹೀಗೆ ವಾಲಲು ಬಾರದೆ ಗೋಡೆ ಹಿಡಿಯುತ್ತಿದ್ದವಳು ಯಾವಾಗ ಕಲಿತೆ ಎಂಬುದು ಅವಳಿಗೇ ತಿಳಿಯದು, ಕಲಿತದ್ದಕ್ಕೂ ಇವತ್ತು ಸಿಟ್ಟು ಬರುತ್ತಿತ್ತು. ಕಾಲು ಕೂಡ ಹೇಳದೆ ಕೇಳದೆ ಹೊಂದಿಕೊಂಡುಬಿಟ್ಟಿದೆ. ಸಮುದ್ರದ ಮಧ್ಯದಲ್ಲಿ ಅಮಾವಾಸ್ಯೆಯೆಂದು ಹೇಳುವವರು ಯಾರು? ತಾನೇ. ಬಸವಮ್ಮತ್ತೆ ಕೊಳ್ಳೇಗಾಲದ ಮನೆಯ ಹೊಸ್ತಿಲಲ್ಲಿ ಒಂದು ಗೇಣು ಹಸಿನೂಲು ಕೈಗಿಟ್ಟು, "ಮಗ್ಗ ಇಡುದ್ರೆ ನಿಮ್ಮಾವಂಗೆ ದಿವ್ಸ ಗೊತ್ತಾಗಕ್ಕಿಲ್ಲ. ಉಣ್ಣಿಮೆ ಮಾರ್ನೆ ದಿವ್ಸದಿಂದ ದಿನಕ್ಕೊಂದು ಗಂಟಾಕು. ಅಮಾಸೆ ನಿನ್ ತಲೆಮ್ಯಾಲೆ," ಅಂದಿದ್ದಳು. ಹಡಗು ಹತ್ತಿದ್ದೇ ಹುಣ್ಣಿಮೆಯ ಮಾರನೆಯ ದಿನ, ಅಂದಿನಿಂದ ಅವಳು ಹಾಕಿದಳು. ನಿನ್ನೆ ಮಗ್ಗಕ್ಕೆ ಬಿಡುವು ಕೊಟ್ಟು, ಲಾಳಿಗೆ ಕುಂಕುಮವಿಟ್ಟು, ಅಮಾವಾಸ್ಯೆ ಮಾಡಿದ್ದೂ ಆಯಿತು. ಬೈಗಿನಲ್ಲಿ ಒಗೆದ ನೀರು ಚೆಲ್ಲಲು ಕಟಕಟೆಯ ಹತ್ತಿರ ಹೋದವಳಿಗೆ, ಸೂರ್ಯ ಮುಳುಗಿದ ಕಡೆಯೇ, ನೀರಿನಿಂದ ಎರಡಾಳೆತ್ತರದಲ್ಲಿ ಚಂದ್ರ ಕಂಡ. ಉಗುರು ಕತ್ತರಿಸಿ ಎಸೆದಷ್ಟು, ಆದರೆ ದಿಟವಾದ ಚಂದ್ರ. ಬಿದಿಗೆಯದು. ಅಮಾವಾಸ್ಯೆಯ ಬೈಗಿಗೆ ಬಿದಿಗೆಯ ಚಂದ್ರ ಹೇಗೆ ಹುಟ್ಟುತ್ತಾನೆ? ಬಕೀಟು ಹಿಡಿದ ಕೈಯಲ್ಲೇ ಲೆಕ್ಕ ಹಾಕಿದಳು. ಅಮಾವಾಸ್ಯೆ ಎರಡು ದಿನ ಹಿಂದೆಯೇ ಆಗಿಹೋಗಿತ್ತು. ಆ ಎರಡು ದಿನವೂ ಮಾವ ನೇಯ್ದಿದ್ದರು.

ಇಂಗ್ಲಿಷ್ ದೊರೆಗಳ ಸೀಮೆಯಲ್ಲಿ ಯಾವುದೋ ದೊಡ್ಡ ವಸ್ತುಪ್ರದರ್ಶನವಂತೆ. ಯಳಂದೂರಿನ ಕಡೆಯ ಸದಾಶಿವಪ್ಪ, ಇಂಗ್ಲಿಷ್ ಬಲ್ಲವರು, ಏಜೆಂಟ್ರು, ದೇವಾಂಗಪೇಟೆಯ ಮನೆಮನೆಗೂ ಬಂದು ಕಡೆಗೆ ಮುದ್ದಯ್ಯಮಾವನನ್ನು ಒಪ್ಪಿಸಿದರು. ಹಡಗಿನ ಮೇಲೆಯೇ ಮಗ್ಗ ಹೂಡಬೇಕು, ಪ್ರಯಾಣದವರಿಗೆ ನೋಡಲು ಮೋಜು, ಹಡಗು ದಡ ಮುಟ್ಟುವ ದಿನ ಸೀರೆ ಕೊಯ್ದು ಕೈಗೆ ಕೊಡಬೇಕು. ಮಾವ ವೀಳ್ಯ ಹಿಡಿದು ಮಾತು ಕೊಟ್ಟರು. ಗಂಡ ಗುರುಸ್ವಾಮಿ ಕೈಗೆ ಕೈಯಾಗಿ, ಅವಳು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಲು, ಜೊತೆಗೆ ಹೊರಟರು. ಮದುವೆಯಾಗಿ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಂದಾಗಲೇ ಮಹಾರಾಜರ ಸೀಮೆ ಬಿಟ್ಟು ಮದ್ರಾಸಿನ ಸೀಮೆಗೆ ಬಂದೆನೆಂದು ಅತ್ತವಳು ಅವಳು. ಹತ್ತು ಮೈಲಿಗೆ ಅತ್ತದ್ದನ್ನು ನೆನೆದರೆ ಈಗ ನಗು ಬರಬೇಕು, ಬರುವುದಿಲ್ಲ. ಹಡಗಿಗೆ ನೆಲವೆಲ್ಲಿ, ಕಾಲಿಳಿಬಿಟ್ಟು ನೇಯುವ ಗುಂಡಿ ತೋಡಲು? ಬಡಗಿ ಒಂದು ದೊಡ್ಡ ಪೆಟ್ಟಿಗೆ ಮಾಡಿ ಹಿಂದಿನ ಡೆಕ್ಕಿನಲ್ಲಿ ಟಾರ್ಪಾಲಿನ ಕೆಳಗೆ ಮೊಳೆ ಹೊಡೆದು ಕೂರಿಸಿದ. ಮಾವ ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರೆ ಬೆರಳುಗಳು ಮಣ್ಣನ್ನು ಹುಡುಕುತ್ತಿದ್ದವು. ಕಾಣದ ಹಾಗೆ ಹುಡುಕುತ್ತಿದ್ದರು, ಆದರೆ ಅವಳು ರಾಟೆಯ ಮುಂದೆ ಕೆಳಗೆ ಕೂತವಳು, ಹಲಗೆಯ ಸಂದಿಯಲ್ಲಿ ಅವಳಿಗೆ ಕಾಣುವುದು ಅವರ ಕಾಲೇ. ಆ ಬೆರಳುಗಳನ್ನು ನೋಡಿ ಅಯ್ಯೋ ಎನಿಸುತ್ತಿತ್ತಲ್ಲ, ಅದನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು.

ಮಲಗಲು ನಾಲ್ಕು ಹಲಗೆಯ ಒಂದು ಕೋಣೆ. ಮಾವ ಒಂದು ಕಡೆ, ಇವರಿಬ್ಬರು ಇನ್ನೊಂದು ಕಡೆ, ನಡುವೆ ಅವಳ ಹಳೆಯ ಸೀರೆಯ ಪರದೆ. ಹಡಗು ವಾಲಿದಾಗ ಪರದೆ ಒಂದು ಗೇಣು ಸರಿಯುತ್ತದೆ, ಮತ್ತೆ ಬರುತ್ತದೆ. ಊರಿನಲ್ಲಿ ಮಾವನೆದುರು ಬಾಗಿಲಿಗೆ ಅಡ್ಡ ನಿಲ್ಲದವಳು ಇಲ್ಲಿ ಅವರ ಗೊರಕೆಯ ಏರಿಳಿತ ತಿಳಿದುಕೊಂಡಳು, ಅವರು ತಮ್ಮ ಪಾಡಿಗೆ ತಾವು ಆಡಿಕೊಳ್ಳುವುದನ್ನು ಕೇಳಿಸಿಕೊಂಡಳು, ಗಂಡನೊಡನೆ ಪಿಸುಮಾತೂ ಆಡದೆ ಕಣ್ಣಿನಲ್ಲೇ ಆಡಲು ಕಲಿತಳು. ಏಳನೆಯ ದಿನ ಅವಳು ಆಚೆಯಾದಳು. ಆಚೆಯೆಲ್ಲಿ? ಎಲ್ಲಿ ನೋಡಿದರೂ ನೀರು. ಮಾವ ಗಂಟಿನಿಂದ ರಾಗಿಹಿಟ್ಟು ತೆಗೆದು, ಕೋಣೆಯ ಬಾಗಿಲ ಮೂಲೆಯಲ್ಲಿ ಚಾಪೆಯಷ್ಟಗಲಕ್ಕೆ ಗೆರೆ ಎಳೆದರು. "ಇದೇ ಆಚೆ ಅಂದ್ಕೊ ಕನವ್ವ. ಮೂರು ದಿವ್ಸ ಗೆರೆ ದಾಟ್ಬ್ಯಾಡ, ನೂಲು ಗೀಲು ಮುಟ್ಬ್ಯಾಡ." ಕೋಣೆ ಗುಡಿಸಲು ಬಂದ ಖಲಾಸಿ ಇರುವೆಗೆ ಹಾಕಿದ್ದಾರೆ ಎಂದುಕೊಂಡು ಗೆರೆಯನ್ನು ಗುಡಿಸಿಕೊಂಡು ಹೋದ. ಮಾವ ಬಂದು ಮತ್ತೆ ಎಳೆದರು. ದಿನಕ್ಕೆರಡು ಸಲ ಗೆರೆ ಅಳಿಸಿತು, ದಿನಕ್ಕೆರಡು ಸಲ ಮಾವ ಬಗ್ಗಿ ಎಳೆದರು, ಅವಳು ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದಳು, ಖಲಾಸಿ ಅವಳನ್ನೂ ಗೆರೆಯನ್ನೂ ನೋಡಿ ಏನೋ ಅರ್ಥವಾದವನಂತೆ ನಕ್ಕು ಕಣ್ಣು ತಗ್ಗಿಸಿದ. ಆಗ ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಮುದ್ರದ ಮೇಲೆಯೂ ಕಟ್ಟಳೆ ಬಿಡದ ಮನುಷ್ಯ ಎಂದು, ನಾಚಿಕೆಯೊಳಗೇ, ಒಂದು ಬಗೆಯ ಹೆಮ್ಮೆ ಬಂದಿತ್ತು. ನಾಲ್ಕನೆಯ ದಿನ ಉಪ್ಪುನೀರಿನಲ್ಲಿ ತಲೆಗೆ ಮಿಂದು, ನೊರೆ ಬಾರದ ಸೋಪಿನ ಅಂಟು ತಲೆಯಲ್ಲಿ ಹಾಗೇ ಇರಲು, ಮೊದಲು ಮಾಡಿದ ಕೆಲಸ ನೂಲು ತೆಗೆದು ಬಿಟ್ಟುಹೋದ ಮೂರು ಗಂಟು, ಆವತ್ತಿನದೊಂದು, ಒಟ್ಟು ನಾಲ್ಕು ಗಂಟು ಹಾಕಿದ್ದು. ನಾಲ್ಕೇ. ಬೆರಳಿಗೆ ನೆನಪಿದೆ.

ಹದಿನೈದನೆಯ ಬೆಳಗು ನೂಲಿನಲ್ಲಿ ಹದಿನೈದು ಗಂಟಾಗಿದ್ದವು. ಪರದೆಯ ಈಚೆಯಿಂದ ಅವಳು, "ಮಾವ, ಇವತ್ತು ಅಮಾಸೆ," ಅಂದಳು. ಮಾವನ ಕೈ ಪರದೆಯ ಸಂದಿಯಿಂದ ಬಂತು. ನೂಲನ್ನು ಕೊಟ್ಟಳು. ಎಣಿಸಿದರೋ ಇಲ್ಲವೋ, ತಿರುಗಿ ಕೊಟ್ಟು, "ಮೂರು ದಿವ್ಸ ಗ್ಯಾನ ಇಲ್ದೆ ಮೂಲೆ ಇಡ್ದಿದ್ದೆ. ಎದ್ಮ್ಯಾಲೆ ಅಂದಾಜ್ನಾಗೆ ಆಕಿದ್ದೀಯ. ಎರಡು ಜಾಸ್ತಿ ಅದೆ. ಬಿಚ್ಚು," ಅಂದರು. ಅವಳು ಬಿಚ್ಚಿದಳು. ಹಲ್ಲಿನಿಂದ ಬಿಚ್ಚಿದಳು, ಬಿಗಿಯಾಗಿದ್ದವು. ತನ್ನ ಮೈಯೇ ತನ್ನ ಲೆಕ್ಕ ಕೆಡಿಸಿತೆಂದು ನಂಬಿದಳಲ್ಲ, ಈಗ ನೀರಿನ ಸರದಿಯಲ್ಲಿ ನಿಂತು ಅದನ್ನು ನೆನೆಯುವಾಗ ಕಿವಿಯ ಹಿಂದೆ ಬಿಸಿಯಾಯಿತು. ಆವತ್ತೇ ಕಪ್ತಾನನ ಹೆಂಡತಿ ನಾಲ್ಕು ಜನ ದೊರೆಸಾನಿಗಳನ್ನು ಕರೆದುಕೊಂಡು ಮಗ್ಗ ನೋಡಲು ಬಂದದ್ದು. ಸದಾಶಿವಪ್ಪ, "ಸೆರಗು ತಲೆ ಮೇಲಿಂದ ತೆಗಿಯಮ್ಮ, ಫೋಟೋದಲ್ಲಿ ಮುಖ ಬೇಕಲ್ಲ, ರಾಟೆಗಾ ಫೋಟೋ ತೆಗೆಯೋದು?" ಎಂದು ನಕ್ಕರು, ಗಂಡನೂ ಜೊತೆಗೆ ನಕ್ಕ. ಒಬ್ಬಾಕೆ ಬಗ್ಗಿ ಅವಳ ಬಳೆಯನ್ನು ತಿರುಗಿಸಿ ನೋಡಿದಳು, ಅಂಗಡಿಯಲ್ಲಿ ನೋಡುವಂತೆ. ಅಂದೇ ನೇಯುತ್ತಿದ್ದ ಸೀರೆಯ ಸೆರಗು ಶುರುವಾದದ್ದು, ಸರಿಗೆಯ ಕೆಲಸ, ದಿನಕ್ಕೆ ಅರ್ಧ ಮೊಳ ಸಾಗಿದರೆ ಹೆಚ್ಚು. ಮಾವ ಎಂದಿಲ್ಲದ ಬಿಗಿಯಲ್ಲಿ ಮಗ್ಗದ ಹಲಗೆ ಬಡಿದರು. ಎರಡು ದಿನ ಕಳೆದು ನಿನ್ನೆ ಅಮಾವಾಸ್ಯೆ ಮಾಡಿದಾಗ, ಲೆಕ್ಕ ಕೆಡಿಸಿದ್ದಕ್ಕೆ ತಪ್ಪಾಯಿತು ಎಂದು ಅವಳು ಮಗ್ಗಕ್ಕೆ ಅಡ್ಡಬೀಳಬೇಕೆಂದರು. ಡೆಕ್ಕಿನ ಹಸಿ ಹಲಗೆಯ ಮೇಲೆ ಅಡ್ಡಬಿದ್ದಳು. ಒಂದು ಹೊತ್ತು ಉಂಡಿರಲಿಲ್ಲ.

ಅಡುಗೆಕೋಣೆಯ ಭಂಡಾರಿ ಚೊಂಬಿಗೆ ನೀರು ಹುಯ್ದ. ಅರ್ಧ ಚೆಲ್ಲಿಕೊಂಡು ಮೆಟ್ಟಿಲಿಳಿದಳು. ಮಾವ ಆಗಲೇ ಮಗ್ಗಕ್ಕೆ ಹೋಗಿದ್ದರು. ಗುರುಸ್ವಾಮಿ ಗೋಡೆಗೆ ಸಿಕ್ಕಿಸಿದ ಅಂಗೈಯಗಲದ ಕನ್ನಡಿಯಲ್ಲಿ ಕೆನ್ನೆ ಹೆರೆದುಕೊಳ್ಳುತ್ತಿದ್ದ. ಹಡಗು ವಾಲುವುದನ್ನು ಕಾದು, ನೆಟ್ಟಗಾದಾಗ ಒಂದು ಗೀಟು, ಮತ್ತೆ ಕಾಯುವುದು. ಅದೊಂದನ್ನು ಚೆನ್ನಾಗಿ ಕಲಿತಿದ್ದ.

"ನೆನ್ನೆ ಬೈಗ್ನಾಗೆ ಚಂದ್ರನ್ನ ಕಂಡೆ," ಅಂದಳು.

"ಕಂಡ್ರೆ ಕೈಮುಗುದ್ಬುಟ್ಟು ಬರಾದಪ್ಪ."

"ಅಮಾಸೆ ದಿವ್ಸ ಕಾಣ್ತಾನಾ ಅವ್ನು?"

ಕತ್ತಿ ನಿಂತಿತು. ಹಡಗು ನೆಟ್ಟಗಾಯಿತು, ಮತ್ತೆ ವಾಲಿತು, ಕತ್ತಿ ಅಲ್ಲೇ ಇತ್ತು. ಅಷ್ಟರಲ್ಲೇ ಅವಳಿಗೆ ತಿಳಿಯಿತು. ಕೇಳುವ ಮುಂಚೆ ಮಾವನದು ಕಣ್ತಪ್ಪು, ಮುಪ್ಪು, ಎಂದು ತನ್ನೊಳಗೆ ಎಲ್ಲೋ ಒಂದು ಸಮಾಧಾನ ಕಟ್ಟಿಟ್ಟುಕೊಂಡಿದ್ದಳು. ಅದು ಕಳಚಿ ಬಿತ್ತು.

"ನಿಮ್ಗೂ ಗೊತ್ತಿತ್ತು."

"ಮೆಲ್ಲುಗ್ ಮಾತಾಡು."

"ಯಾರ್ಗೆ ಅರ್ತ ಆಯ್ತದೆ ಇಲ್ಲಿ ನಮ್ಮಾತು? ಸಮುದ್ರಕ್ಕಾ?"

ಅವನು ಕತ್ತಿಯನ್ನು ಪಂಚೆಗೆ ಒರೆಸಿದ. "ಏಜೆಂಟ್ರು ಅಮಾಸೆಗೆ ಒಂದು ದಿವ್ಸ ಮುಂಚೇನೆ ಕ್ಯಾಲೆಂಡ್ರು ನೋಡಿ ಏಳಿದ್ರು. ಕಪ್ತಾನನ ಎಂಡ್ತಿ ಬರಾಳು, ಮಗ್ಗ ನಿಂತದೆ ಅಂದ್ರೆ ಏನ್ ಮರ್ವಾದೆ ಉಳಿತದೆ, ನಿಮ್ಮ ಚೌಡಮ್ಮ ಇಷ್ಟು ದೂರ ನೋಡಕ್ ಬಂದಾಳಾ ಮುದ್ದಯ್ಯ, ಎರಡು ದಿವ್ಸ ತಡೀರಿ ಅಂದ್ರು. ಅಪ್ಪಯ್ಯ ಏನ್ ಮಾಡಾನು? ಬ್ಯಾಡ ಅಂದ. ಅವ್ರು ಮತ್ತೂ ಏಳಿದ್ರು. ಊಂ ಅಂದ."

"ಅದ್ನ ನಂಗ್ ಏಳಕ್ಕೇನಾಗಿತ್ತು? ನನ್ ಗಂಟ್ಯಾಕ್ ಬಿಚ್ಚುಸ್ಬೇಕಾಗಿತ್ತು?"

"ನೀನು ಊರ್ಗೋಗಿ ಅವ್ವಂಗೆ ಏಳ್ಬುಡ್ತಿದ್ದೆ. ಅವ್ವಂಗೆ ಗೊತ್ತಾದ್ರೆ ಆ ಮನುಸ್ಯ ಆ ಮನೇಲಿ ತಲೆ ಎತ್ತಾನಾ? ಲೆಕ್ಕ ತಪ್ತು ಅಂದ್ರೆ ಮುಗುದೋಯ್ತು. ಎಂಗುಸ್ರು ಲೆಕ್ಕ, ತಪ್ತದೆ." ಅನಂತರ, ಸಮಾಧಾನ ಹೇಳುವವನಂತೆ, "ಅಡ್ಡಬಿದ್ರೆ ನಿಂಗೇನ್ ಸವುದೋಯ್ತಾ?" ಅಂದ.

ಎಂಗುಸ್ರು ಲೆಕ್ಕ. ಮೆಟ್ಟಿಲು ಹತ್ತುವಾಗ ಕಬ್ಬಿಣದ ಮೆಟ್ಟಿಲಿಗೆಲ್ಲ ಆ ಮಾತೇ ತಗುಲುತ್ತಿತ್ತು. ಅವಳಿಗೆ ದೇವಿಯ ಭಯವಾಗಲಿಲ್ಲ. ಆಗಬೇಕಿತ್ತು, ಚೌಡಮ್ಮ ಕೆಂಗಣ್ಣು ಬಿಟ್ಟುಕೊಂಡು ನೀರಿನ ಮೇಲೆ ನಡೆದು ಬರುತ್ತಾಳೆಂದು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ರಾಗಿಹಿಟ್ಟಿನ ಗೆರೆ. ಗುಡಿಸಿದಷ್ಟೂ ಸಲ ಬಗ್ಗಿ ಎಳೆದ ಆ ಮುದುಕನ ಬೆನ್ನು. ನನಗಾದರೆ ಸಮುದ್ರದ ಮೇಲೂ ಆಚೆಯೊಂದು ಸಿಕ್ಕಿತು, ಹಿಟ್ಟು ಸಿಕ್ಕಿತು, ಮೂರು ದಿನ ಸಿಕ್ಕಿತು. ಏಜೆಂಟರೆದುರು ಎಳೆಯಲು ಒಂದು ಚಿಟಿಕೆ ಹಿಟ್ಟು ಉಳಿದಿರಲಿಲ್ಲವೆ? ಮದುವೆಯಾದ ಹೊಸದರಲ್ಲಿ ತಾನು ಗುಂಡಿಯ ಅಂಚಿನಲ್ಲಿ ಕೂತು ಕಾಲಾಡಿಸಿದ್ದಕ್ಕೆ, ಹೆಂಗಸು ಕೂತು ಮೈಲಿಗೆಯಾಯಿತೆಂದು, ಇದೇ ಮಾವ ಮಗ್ಗಕ್ಕೆಲ್ಲ ನೀರು ಚಿಮುಕಿಸಿದ್ದರು. ಆ ಸೆರಗಿನಲ್ಲಿ ಈಗ ಅಮಾವಾಸ್ಯೆಯಂದು ಶುರುವಾದ ಒಂದು ಮೊಳ ಬಟ್ಟೆ ಇದೆ. ಹೊರಗಿನವರಿಗೆ ಅದು ಉಳಿದದ್ದರ ಹಾಗೇ ಹೊಳೆಯುತ್ತದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮುದ್ದಯ್ಯನ ಹೆಸರು ಹಾಕಿ ಇಡುತ್ತಾರೆ. ಅದರೊಳಗಿನ ಸುಳ್ಳು ಮಾತ್ರ ಯಾರ ಹೆಸರೂ ಇಲ್ಲದೆ ತನ್ನದಾಗಿ ಉಳಿಯುತ್ತದೆ, ಊರಿಗೆ ಹೋದ ಮೇಲೆ ಜನ್ಮವಿಡೀ ಬಸವಮ್ಮತ್ತೆಯ ಬಾಯಲ್ಲಿ ತಾನು ಗಂಟು ಹಾಕಲು ಬಾರದವಳು.

ಡೆಕ್ಕಿನಲ್ಲಿ ಬಿಸಿಲು ಚುಚ್ಚುತ್ತಿತ್ತು. ಮಾವ ಪೆಟ್ಟಿಗೆಯಲ್ಲಿ ಕಾಲಿಳಿಸಿ ಕೂತಿದ್ದರು. ಆರೇಳು ಜನ ದೊರೆಗಳು ದೊರೆಸಾನಿಗಳು ಕುರ್ಚಿ ಎಳೆದುಕೊಂಡು ಕೂತಿದ್ದರು, ಸದಾಶಿವಪ್ಪ ಕೋಲು ಹಿಡಿದು ಏನೋ ವಿವರಿಸುತ್ತಿದ್ದರು. ಅವಳು ರಾಟೆಗೆ ಹೋಗಲಿಲ್ಲ. ಮಗ್ಗದ ಮಗ್ಗುಲಿಗೆ ಬಂದು ನಿಂತಳು.

"ಗಂಟು ಜಾಸ್ತಿ ಆಗಿರ್ನಿಲ್ಲ, ಅಲ್ವಾ ಮಾವ?"

ಲಾಳಿ ಒಂದು ಸಲ ಹೋಗಿ ಬಂತು. "ಜನ ನೋಡ್ತಾವ್ರೆ. ಓಗು, ಕಂಡಿಕೆ ಸುತ್ತು."

"ಇದ್ನ ಬಿಚ್ಬೇಕು."

"ದಡಕ್ಕಿನ್ನು ಆರು ದಿವ್ಸ ಅದೆ. ಆರು ದಿವ್ಸದ ಕೆಲ್ಸಾನೂ ಅದೆ. ಮಾತು ಕೊಟ್ಟಿವ್ನಿ ಕನವ್ವ."

"ಯಾರ್ಗೆ ಕೊಟ್ಟ ಮಾತು ಮಾವ?"

ಅವರು ಗದರಿದ್ದರೆ ಅವಳು ಹೆದರಿ ರಾಟೆಗೆ ಹೋಗಿಬಿಡುತ್ತಿದ್ದಳೇನೋ. ಆಮೇಲೆ ಆ ಹೊತ್ತನ್ನು ನೆನೆದಾಗಲೆಲ್ಲ ಅವಳಿಗೆ ಹಾಗೇ ಅನ್ನಿಸುತ್ತಿತ್ತು. ಅವರು ಏಜೆಂಟರ ಕಡೆ ನೋಡಿದರು. ಬಾಗಿಲಲ್ಲಿ ನಿಂತ ಕೂಸು ಒಳಕ್ಕೆ ಬರಲೇ ಎಂದು ನೋಡುವ ಹಾಗೆ ನೋಡಿದರು. ಆ ನೋಟ ಅವಳಿಗೆ ತಡೆಯಲಿಲ್ಲ. ಹಲಗೆಯ ಮೇಲಿದ್ದ ಕತ್ತರಿ ತೆಗೆದುಕೊಂಡು ಲಾಳಿಯ ಎಳೆಯನ್ನು ಕತ್ತರಿಸಿದಳು. ಬಟ್ಟೆ ಸುತ್ತಿದ ದಿಂಡನ್ನು ಸಡಿಲಿಸಿ ಎರಡು ಸುತ್ತು ಹಿಂದಕ್ಕೆ ತಿರುಗಿಸಿದಳು. ಸೆರಗು ಬಿಸಿಲಿಗೆ ಬಂತು, ಕೆಂಪಿನ ಮೇಲೆ ಸರಿಗೆ, ಚೆನ್ನಾಗಿತ್ತು, ಅಷ್ಟು ಚೆನ್ನಾಗಿ ಮಾವ ಎಂದೂ ನೇಯ್ದಿರಲಿಲ್ಲ. ಮೊದಲ ಅಡ್ಡ ಎಳೆಯನ್ನು, ಹೊಕ್ಕನ್ನು, ಉಗುರಿನಿಂದ ಎತ್ತಿ ಎಳೆದಳು.

"ಏನ್ ಮಾಡ್ತಾ ಇದ್ದೀಯಮ್ಮ ನೀನು?" ಸದಾಶಿವಪ್ಪ ಕೋಲು ಹಿಡಿದೇ ಬಂದರು. ದನಿ ತಗ್ಗಿಸಿದ್ದರು, ಮುಖದಲ್ಲಿ ದೊರೆಗಳಿಗೆ ತೋರುವ ನಗು ಹಾಗೇ ಇತ್ತು.

"ಅಮಾಸೆ ಬಿಚ್ತಾ ಇವ್ನಿ."

"ಮುದ್ದಯ್ಯ, ಏನಿದು, ಸೊಸೆಗೆ ಸ್ವಲ್ಪ ಹೇಳಬಾರದೆ?"

ಅವಳು ಎರಡನೆಯದನ್ನು ಎಳೆದಳು, ಮೂರನೆಯದನ್ನು ಎಳೆದಳು. ಸಿಟ್ಟಿಗೆ ಅಳುವೂ ಸೇರಿಕೊಂಡು ಎಳೆಗಳು ಎರಡೆರಡಾಗಿ ಕಂಡವು, ಹೊಕ್ಕು ಉದ್ದೆಳೆಯ ಹಾಸಿನೊಳಗೆ ಸಿಕ್ಕಿಕೊಂಡಿತು, ಜಗ್ಗಿದಳು. ಕುರ್ಚಿಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದರೆ ಬಳೆ ತಿರುಗಿಸಿ ನೋಡಿದ್ದ ಆ ದೊರೆಸಾನಿ ಮುಂದಕ್ಕೆ ಬಗ್ಗಿ ಕೂತು, ಮೆಚ್ಚಿ, ಕೈ ತಟ್ಟುತ್ತಿದ್ದಳು. ಪಕ್ಕದವರೂ ತಟ್ಟಿದರು. ನೇಯುವುದಕ್ಕೆ ತಟ್ಟಿದಷ್ಟೇ ಬಿಚ್ಚುವುದಕ್ಕೂ ತಟ್ಟಿದರು. ಅವರಿಗೆ ಎರಡೂ ಒಂದೇ. ಹದಿನಾರು ದಿನ ಮಾವ ಯಾರ ಮರ್ಯಾದೆಗೆ ಹೆದರಿ ಬಡಿದರೋ ಅವರಿಗೆ, ಮಗ್ಗ ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೆ ಹೋಗುತ್ತಿದೆಯೋ ತಿಳಿಯದು. ಸದಾಶಿವಪ್ಪ ಅತ್ತ ನೋಡಿದರು, ಇತ್ತ ನೋಡಿದರು, ಕಡೆಗೆ ಕೋಲೆತ್ತಿ ಇಂಗ್ಲಿಷಿನಲ್ಲಿ ಏನನ್ನೋ ವಿವರಿಸತೊಡಗಿದರು. ದೊರೆಗಳು ತಲೆದೂಗಿದರು.

ಮಾವನ ಕಣ್ಣು ಆ ಚಪ್ಪಾಳೆಯ ಮೇಲೇ ಇತ್ತು. ಎಷ್ಟು ಹೊತ್ತೋ. ಆಮೇಲೆ ಅವಳ ಕೈಯ ಕಡೆ ಬಂತು, ಸಿಕ್ಕಿಕೊಂಡ ಹೊಕ್ಕಿನ ಕಡೆ.

"ಅಂಗ್ ಜಗ್ಬ್ಯಾಡ. ಆಸು ಕೂದ್ಲೇಳ್ತದೆ," ಅಂದರು. ಪೆಟ್ಟಿಗೆಯೊಳಗೆ ಅವರ ಕಾಲು ಕದಲಿತು. ಕಾಲುಮಣೆಯನ್ನು ತಿರುವುಮುರುವಾಗಿ ತುಳಿದರು, ಕೊನೆಯದನ್ನು ಮೊದಲು. ಹಾಸು ಬಾಯಿ ತೆರೆಯಿತು, ಸಿಕ್ಕಿಕೊಂಡಿದ್ದ ಎಳೆ ತಾನಾಗಿ ಸಡಿಲವಾಗಿ ಅವಳ ಕೈಗೆ ಬಂತು. ಮತ್ತೆ ತುಳಿದರು. ಮತ್ತೊಂದು. ನೇಯ್ದದ್ದು ಹೇಗೆಂದು ಅವರ ಕಾಲಿಗೆ ಸಾಲುಸಾಲು ನೆನಪಿತ್ತು, ಸಾವಿರ ಎಳೆಗೂ ತಪ್ಪದೆ ಹಿಂದಕ್ಕೆ ನಡೆದರು. ಅವಳು ರೇಷ್ಮೆಯನ್ನು ಒಂದು ಕಡೆಗೆ, ಮುರುಟಿ ಕೆಟ್ಟ ಸರಿಗೆಯನ್ನು ಒಂದು ಕಡೆಗೆ ಹಾಕಿದಳು. ಮಧ್ಯಾಹ್ನದ ಊಟದ ಗಂಟೆ ಹೊಡೆದು ದೊರೆಗಳೆಲ್ಲ ಎದ್ದುಹೋದರು. ಇವರಿಬ್ಬರು ಏಳಲಿಲ್ಲ. ಸಂಜೆಗೆ ಒಂದು ಮೊಳ ಬಿಚ್ಚಿ ಆಗಿತ್ತು. ಸಿಟ್ಟು ಇಳಿಯಬಹುದೆಂದುಕೊಂಡಿದ್ದಳು. ಇಳಿಯಲಿಲ್ಲ, ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿತ್ತು ಅಷ್ಟೆ.

ಉಳಿದ ಐದು ದಿನಕ್ಕೆ ಎಂಟು ದಿನದ ಕೆಲಸ. ಬೆಳಕು ಮೂಡುವ ಮೊದಲೇ ಮಾವ, ಹೊತ್ತೇರಿದ ಮೇಲೆ ಗುರುಸ್ವಾಮಿ, ಇಳಿಹೊತ್ತಿಗೆ ಮತ್ತೆ ಮಾವ. ಸದಾಶಿವಪ್ಪ ಬೆಳಗ್ಗೊಮ್ಮೆ ಸಂಜೆಗೊಮ್ಮೆ ಬಂದು ಗೇಣು ಹಾಕಿ ಅಳೆದು, ನಾಲಗೆ ಲೊಚಗುಟ್ಟಿ ಹೋಗುವರು. ಗಾಳಿ ಥಂಡಿಯಾಯಿತು, ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತು. ನಾಲ್ಕನೆಯ ದಿನ ಅಲೆಗೆ ಹಡಗು ಎದ್ದೆದ್ದು ಬಿದ್ದು ಗುರುಸ್ವಾಮಿ ಕೆಳಗೆ ಬಕೀಟು ಹಿಡಿದು ಕೂತ. ಮಾವನ ಬೆರಳು ಚಳಿಗೆ ಸೆಟೆದು ಲಾಳಿ ಹಿಡಿಯದಾಯಿತು. ಅವಳು ರಾಟೆಯಿಂದ ಎದ್ದು ಬಂದು ನಿಂತಳು. ಅವರು ಅವಳ ಮುಖ ನೋಡದೆ ಸರಿದು ಜಾಗ ಬಿಟ್ಟರು. ಪೆಟ್ಟಿಗೆಯ ಅಂಚಿನಲ್ಲಿ ಕೂತು ಕಾಲಿಳಿಸಿದಳು. ಕೆಳಗೆ ಮಣ್ಣಿಲ್ಲ, ಏನೂ ಇಲ್ಲ, ಹಲಗೆಯ ಅಡಿಯಿಂದ ಎಂಜಿನ್ನಿನ ನಡುಕ ಮಾತ್ರ ಅಂಗಾಲಿಗೆ ಹತ್ತಿತು. ಯಾರೂ ನೀರು ಚಿಮುಕಿಸಲಿಲ್ಲ. ಮಾವ ಕೆಳಗೆ, ರಾಟೆಯ ಮುಂದೆ, ಅವಳ ಜಾಗದಲ್ಲಿ ಕೂತು ಕಂಡಿಕೆ ಸುತ್ತಿದರು. ಅವರಿಗೆ ಅದು ಅಷ್ಟು ಬರುತ್ತಿರಲಿಲ್ಲ. ಎರಡು ಕಂಡಿಕೆ ಸಡಿಲವಾಗಿದ್ದವೆಂದು ಅವಳು ಹಿಂದಕ್ಕೆ ಕೊಟ್ಟಳು, ಅವರು ತೆಗೆದುಕೊಂಡು ಮತ್ತೆ ಸುತ್ತಿದರು.

ಇಪ್ಪತ್ನಾಲ್ಕನೆಯ ಬೆಳಗು ದಡ ಕಂಡಿತು. ಹೊಗೆ, ಕ್ರೇನುಗಳು, ತೋಯ್ದ ಕಲ್ಲಿನ ಕಟ್ಟೆ. ಜನ ಪೆಟ್ಟಿಗೆಗಳನ್ನು ಎಳೆದುಕೊಂಡು ಓಡಾಡುತ್ತಿದ್ದರು, ಮಗ್ಗದ ಕಡೆ ಯಾರೂ ನೋಡುವವರಿಲ್ಲ. ಸದಾಶಿವಪ್ಪ ಕರವಸ್ತ್ರ ಹಾಸಿ ಕೈ ಚಾಚಿಕೊಂಡು ನಿಂತಿದ್ದರು. ಹಗ್ಗ ಎಸೆಯುವ ಕೂಗು ಕೇಳುವಾಗ ಅವಳು ಕೊನೆಯ ನಾಲ್ಕು ಹೊಕ್ಕು ಹಾಕಿ ಬಡಿದಳು. ಮಾವ ಬಗ್ಗಿ ಅಂಚನ್ನು ಬೆರಳಲ್ಲಿ ತಡವಿದರು. ಬೇರೆ ಯಾರಿಗೂ ಕೇಳದ ಹಾಗೆ, ಬಟ್ಟೆಗೇ ಹೇಳುವವರ ಹಾಗೆ ಅಂದರು, "ಬಿಚ್ಚಿದ್ದಾಯ್ತಲ್ಲ, ಒಸ್ದಾಗಿ ನೇಯ್ದಿದ್ದೂ ಆಯ್ತು. ಊರ್ನಾಗೆ ನಿಮ್ಮತ್ತೆ ಕೇಳ್ತಾಳೆ. ಲೆಕ್ಕ ಒಸಿ ತಪ್ಪಿತ್ತು ಅಂದ್ಬುಡು ತಾಯಿ."

ತಾಯಿ ಎಂದು ಅವರು ಅವಳನ್ನು ಕರೆದದ್ದು ಅದೇ ಮೊದಲು. ಬೇರೆ ಯಾವತ್ತಾದರೂ ಅವಳು ಕರಗುತ್ತಿದ್ದಳು. ಅವರ ಕಣ್ಣಿನ ಬಿಳಿ ಹಳದಿಯಾಗಿತ್ತು, ಐದು ದಿನ ಕೆಟ್ಟ ನಿದ್ದೆ ಅಲ್ಲಿತ್ತು, ಗಡ್ಡ ಬೆಳೆದಿತ್ತು. ಮುದುಕ, ಅಂದುಕೊಂಡಳು.

"ನನ್ ಲೆಕ್ಕ ತಪ್ಪಿರ್ನಿಲ್ಲ ಮಾವ. ಅತ್ತೆ ಕೇಳುದ್ರೆ ಅದ್ನೇ ಏಳ್ತೀನಿ."

ಅವರು ಬಟ್ಟೆಯನ್ನು ಎರಡು ಕಡೆಯಿಂದ ಎಳೆದು ಬಿಗಿಮಾಡಿ ಹಿಡಿದರು. ಅವಳು ಕತ್ತರಿಯಿಟ್ಟು, ಬಲದ ಅಂಚಿನಿಂದ ಎಡದ ಅಂಚಿನವರೆಗೆ, ನೆಟ್ಟಗೆ ಕೊಯ್ದಳು.